ಲೆಂಗಲ್, ಮ್ಯಾಡಲಿನ್
ಮ್ಯಾಡಲಿನ್ ಲೆಂಗಲ್ (1918-2007) ಮಕ್ಕಳ ಅದ್ಭುತರಮ್ಯ ಕಾದಂಬರಿಗಳಿಂದ ಪ್ರಸಿದ್ಧರಾದ ಅಮೆರಿಕದ ಲೇಖಕಿ. ನ್ಯೂಯಾರ್ಕ್ ನಗರದಲ್ಲಿ ನವೆಂಬರ್ 29ರಂದು ಜನನ. ಸ್ಮಿತ್ ಕಾಲೇಜಿನಿಂದ 1941ರಲ್ಲಿ ಪದವಿ ಪಡೆದರು. ಮೊದಲ ಕಾದಂಬರಿ ದಿ ಸ್ಮಾಲ್ ರೇನ್ (1945). ನಟ ಹ್ಯೂ ಫ್ರಾಂಕ್ಲಿನ್‌ರನ್ನು 1946ರಲ್ಲಿ ವಿವಾಹವಾದರು. 1950ರ ದಶಕದಲ್ಲಿ ದಂಪತಿ ಕನೆಕ್ಟಿಕಟ್‌ನ ಗೋಶೆನ್‌ನಲ್ಲಿ ಅಂಗಡಿ ನಡೆಸಿದರು. ಹಸ್ತಪ್ರತಿಗಳು ಮರಳಿ ಬರುತ್ತಿದ್ದರೂ ಲೆಂಗಲ್ ಬರೆವಣಿಗೆ ಬಿಡಲಿಲ್ಲ.

ಇವರ ಪ್ರಮುಖ ಕೃತಿ ಎ ರಿಂಕಲ್ ಇನ್ ಟೈಮ್. ಕಾಣೆಯಾದ ವಿಜ್ಞಾನಿ ತಂದೆಯನ್ನರಸಿ ಮೆಗ್ ಮರಿ ಎಂಬ ಬಾಲಕಿ ಕೈಗೊಳ್ಳುವ ಗ್ರಹಾಂತರ ಯಾನ ಇದರ ವಸ್ತು. ಹಲವಾರು ಪ್ರಕಾಶಕರು ನಿರಾಕರಿಸಿದ ಈ ಕೃತಿ 1962ರಲ್ಲಿ ಪ್ರಕಟವಾಗಿ, 1963ರ ನ್ಯೂಬೆರಿ ಪದಕ ಗಳಿಸಿತು. ಮುಂದೆ ಐದು ಕಾದಂಬರಿಗಳ ಮಾಲೆಯಾಗಿ ಬೆಳೆಯಿತು. ಭೌತವಿಜ್ಞಾನದ ಪರಿಕಲ್ಪನೆಗಳನ್ನೂ ಕ್ರೈಸ್ತ ಶ್ರದ್ಧೆಯನ್ನೂ ಕಥೆಯಲ್ಲಿ ಬೆಸೆದದ್ದು, ಬಾಲಕಿಯನ್ನು ನಾಯಕಿಯಾಗಿಸಿದ್ದು ಇವರ ವೈಶಿಷ್ಟ್ಯ. 2007ರ ಸೆಪ್ಟೆಂಬರ್ 6ರಂದು ಕನೆಕ್ಟಿಕಟ್‌ನಲ್ಲಿ ನಿಧನರಾದರು.