ಚಳ್ಳಕೆರೆ ಸೀಮೆಯ ಕುರಿಯ ಸಂತಾನವೂ ಮೇವೂ



ಚಳಿಗಾಲದ ರಾತ್ರಿಯಲ್ಲಿ ಹೊದೆಯುವ ಕರಿಯ ಕಂಬಳಿಯೊಂದು ನಮ್ಮಲ್ಲಿ ಅನೇಕರ ಮನೆಗಳಲ್ಲಿ ಇನ್ನೂ ಉಂಟು. ಅದನ್ನು ಕೊಂಡವರು ಬೆಲೆಯನ್ನು ವಿಚಾರಿಸಿರುತ್ತಾರೆ. ನೇದ ಊರು ಯಾವುದೆಂದು ಕೇಳಿರಲೂ ಬಹುದು. ಆದರೆ ಆ ಉಣ್ಣೆಯನ್ನು ಕೊಟ್ಟ ಕುರಿ ಏನನ್ನು ಮೇಯ್ದಿತು, ಎಷ್ಟು ಮರಿಗಳನ್ನು ಈದಿತು, ಅವುಗಳಲ್ಲಿ ಬದುಕಿದುವು ಎಷ್ಟು ಎಂದು ಕೇಳಿದವರು ವಿರಳ. ಚರಿತ್ರೆಯನ್ನು ಬೋಧಿಸುವ ವೃತ್ತಿಯವನಾದ ನಾನೂ ಬಹುಕಾಲ ಈ ಪ್ರಶ್ನೆಯನ್ನು ಕೇಳಿಕೊಂಡಿರಲಿಲ್ಲ. ಅರಸರು ಆಳಿದ ವರ್ಷಗಳನ್ನೂ ಕೋಟೆಗಳು ಬಿದ್ದ ತೇದಿಗಳನ್ನೂ ಹೇಳುವುದೇ ಚರಿತ್ರೆಯೆಂಬ ನಂಬಿಕೆ ನಮ್ಮ ಕಾಲೇಜುಗಳಲ್ಲಿ ಬಲವಾಗಿದೆ. ಚಳ್ಳಕೆರೆ ಮೊಳಕಾಲ್ಮುರುಗಳ ಕಡೆ ಹೋದವನಿಗೆ ಈ ನಂಬಿಕೆ ಸ್ವಲ್ಪ ಸಡಿಲವಾಗುತ್ತದೆ. ಅಲ್ಲಿಯ ಜನಜೀವನದ ಚರಿತ್ರೆಯಲ್ಲಿ ಬಹುಭಾಗವು ಹಿಂಡುಗಳ ಚರಿತ್ರೆಯೇ ಆಗಿದೆ.

ಈ ಸೀಮೆ ನಮ್ಮ ನಾಡಿನ ಅತಿ ಕಡಿಮೆ ಮಳೆಯ ಪ್ರದೇಶಗಳಲ್ಲಿ ಒಂದು. ಮಳೆ ಬಿದ್ದರೂ ಅದರ ಮುಖ್ಯಭಾಗ ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ ಬೀಳುತ್ತದೆ. ಇಂಥ ನೆಲದಲ್ಲಿ ನೇಗಿಲಿಗಿಂತ ಮಂದೆಯನ್ನು ನಂಬುವುದು ಜಾಣತನವೆಂಬುದನ್ನು ಜನರು ಬಹು ಹಿಂದೆಯೇ ಕಂಡುಕೊಂಡರು. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಬಳಿ 1892ರಲ್ಲಿ ಬಿ. ಎಲ್. ರೈಸ್ ಅವರು ಅಶೋಕನ ಶಾಸನಗಳನ್ನು ಪತ್ತೆಮಾಡಿದ ಸಂಗತಿ ಪ್ರಸಿದ್ಧವಾಗಿದೆ. ಅದೇ ಬೆಟ್ಟದ ತಪ್ಪಲಿನಲ್ಲಿ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಅಗೆಸಿದಾಗ, ಅಶೋಕನಿಗಿಂತ ಬಹಳ ಹಿಂದೆ ಕಲ್ಲಿನ ಕೊಡಲಿಗಳನ್ನು ಬಳಸುತ್ತಿದ್ದ ಜನರ ನೆಲೆ ಹೊರಬಿದ್ದಿತು. ದಕ್ಷಿಣ ದೇಶದ ಇಂಥ ನವಶಿಲಾಯುಗದ ನೆಲೆಗಳಲ್ಲಿ ದನದ ಎಲುಬುಗಳ ಜೊತೆಗೆ ಕುರಿ ಮೇಕೆಗಳ ಎಲುಬುಗಳೂ ದೊರೆಯುತ್ತವೆ. ಪ್ರಾಣಿಗಳಲ್ಲಿ ದಯೆಯಿರಬೇಕೆಂದು ಮೌರ್ಯ ಚಕ್ರವರ್ತಿ ಬಂಡೆಯ ಮೇಲೆ ಬರೆಸುವುದಕ್ಕೆ ಮುಂಚೆಯೇ ನಮ್ಮ ನಾಡಿನ ಜನ ಮಂದೆಗಳೊಡನೆ ಬಾಳುತ್ತಿದ್ದರು. ಇಂದಿಗೂ ಮ್ಯಾಸ ನಾಯಕರು ದೇವರ ಎತ್ತುಗಳನ್ನು ಸಾಕುತ್ತಾರೆ. ಕಾಡುಗೊಲ್ಲರ ಹಟ್ಟಿಗಳೂ ಕುರುಬರ ಕುರಿರೊಪ್ಪಗಳೂ ಊರೂರಲ್ಲಿ ಕಾಣುತ್ತವೆ.

ಅಲ್ಲಿ ಒಮ್ಮೆ ವಯೋವೃದ್ಧನಾದ ಕುರಿಗಾಹಿಯೊಬ್ಬನನ್ನು ಮಾತನಾಡಿಸುವ ಸಂದರ್ಭ ಒದಗಿತು. ಟಗರು ಒಳ್ಳೆಯ ಜಾತಿಯದಾದರೆ ಮರಿಗಳೂ ಹೆಚ್ಚಾಗುತ್ತವೆಯಲ್ಲವೆ ಎಂದು, ಪುಸ್ತಕದಲ್ಲಿ ಓದಿದ್ದ ಧೈರ್ಯದಿಂದ ಕೇಳಿದೆ.

“ಅಜ್ಜ, ನಿಮ್ಮ ಹಿಂಡಿಗೆ ಈ ವರ್ಷ ಎಷ್ಟು ಮರಿ ಬರಬಹುದು?”

“ಅದನ್ನ ಟಗರನ್ನ ಕೇಳಬ್ಯಾಡಿ ಸ್ವಾಮಿ, ಮೋಡಾನ ಕೇಳಿ,” ಎಂದ.

ಮುದುಕ ನನ್ನನ್ನು ಹಾಸ್ಯಮಾಡಿದನೆಂದೇ ಆಗ ತಿಳಿದೆ. ಮನೆಗೆ ಬಂದು ಈ ವಿಷಯದ ಗ್ರಂಥಗಳನ್ನು ತಿರುವಿಹಾಕಿದ ಮೇಲೆ, ಅವನು ಪಶುಶಾಸ್ತ್ರದ ಮುಖ್ಯ ಸೂತ್ರವೊಂದನ್ನು ಆರೇಳು ಮಾತಿನಲ್ಲಿ ಹೇಳಿದ್ದನೆಂದು ಗೊತ್ತಾಯಿತು.

ಆ ಸೂತ್ರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕುರಿ ಸುಮಾರು ಹದಿನೇಳು ದಿನಗಳಿಗೊಮ್ಮೆ ಬೆದೆಗೆ ಬರುತ್ತದೆ. ಗಬ್ಬ ನಿಂತ ಮೇಲೆ ಸುಮಾರು ಐದು ತಿಂಗಳಿಗೆ ಈಯುತ್ತದೆ. ಶೀತದೇಶಗಳ ಕುರಿಗೆ ಬೆದೆಯ ಕಾಲವನ್ನು ಗೊತ್ತುಮಾಡುವುದು ಹಗಲಿನ ಉದ್ದ. ನಮ್ಮ ದೇಶದಲ್ಲಿ ಹಗಲಿನ ಉದ್ದ ಅಷ್ಟಾಗಿ ವ್ಯತ್ಯಾಸವಾಗುವುದಿಲ್ಲವಾದುದರಿಂದ, ಆ ಕೆಲಸವನ್ನು ಬಹುಮಟ್ಟಿಗೆ ಮೇವೇ ಮಾಡುತ್ತದೆ. ಬೇಸಗೆಯಲ್ಲಿ ಬಡಕಲಾದ ಕುರಿ ಮುಂಗಾರಿನ ಹಸಿ ಹುಲ್ಲನ್ನು ಎರಡು ಮೂರು ವಾರ ಮೇಯ್ದು ಮೈತುಂಬಿಕೊಂಡಿತೆಂದರೆ ಚೆನ್ನಾಗಿ ಬೆದೆಗೆ ಬರುತ್ತದೆ. ಗಬ್ಬ ನಿಲ್ಲುವುದೂ ಹೆಚ್ಚು. ಟಗರು ಬಿಡುವ ಮುಂಚೆ ತಾಯಿಕುರಿಗಳಿಗೆ ಕೆಲವು ವಾರ ಒಳ್ಳೆಯ ಮೇವು ಕೊಡಬೇಕೆಂದು ಇಂಗ್ಲೆಂಡಿನ ಕೃಷಿಕರು ಹೇಳುವುದೂ ಇದನ್ನೇ. ಅವರು ಗದ್ದೆಯ ಬೇಲಿಯನ್ನು ತೆಗೆದು ಕೊಡುವ ಮೇವನ್ನು ನಮ್ಮಲ್ಲಿ ಜೂನ್ ತಿಂಗಳ ಮಳೆ ಕೊಡುತ್ತದೆ.

ಜೂನ್ ಜುಲೈನಲ್ಲಿ ಗಬ್ಬ ನಿಂತ ಕುರಿ ನವೆಂಬರ್ ಡಿಸೆಂಬರಿನಲ್ಲಿ ಈಯುತ್ತದೆ. ಗರ್ಭದಲ್ಲಿರುವ ಮರಿಯ ತೂಕದಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಕೊನೆಯ ಆರು ವಾರಗಳಲ್ಲಿಯೇ ಕೂಡುವುದು. ಈ ಆರು ವಾರಗಳು ಹಿಂಗಾರಿನ ಹುಲ್ಲು ಹುಲುಸಾಗಿರುವ ಕಾಲಕ್ಕೆ ಸರಿಹೊಂದುತ್ತವೆ. ಮರಿ ಹಾಲು ಕುಡಿಯುವ ವೇಳೆಗೆ ಜೋಳದ ಕೂಳೆಯೂ ಶೇಂಗಾದ ಬಳ್ಳಿಯೂ ಹೊಲದಲ್ಲಿರುತ್ತವೆ. ಇಂಥ ಹೊಂದಾಣಿಕೆಯನ್ನು ಯಾವ ಇಲಾಖೆಯೂ ಏರ್ಪಡಿಸಲಿಲ್ಲ. ಆದರೆ ಮುಂಗಾರು ತಡವಾದರೆ ಸರಪಳಿಯೆಲ್ಲ ಕದಲುತ್ತದೆ. ಗಬ್ಬ ತಡವಾಗಿ ನಿಲ್ಲುತ್ತದೆ. ಕುರಿ ಫೆಬ್ರವರಿ ಮಾರ್ಚಿನಲ್ಲಿ, ಹುಲ್ಲು ಒಣಗಿದ ಮೇಲೆ ಈಯುತ್ತದೆ. ಗಿಣ್ಣುಹಾಲು ಸಾಲದೆ ಮರಿ ಸಾಯುತ್ತದೆ. ‘ಕುರಿ ಕೊಬ್ಬಿದಷ್ಟೂ ಕುರುಬನಿಗೆ ಲಾಭ’ ಎಂಬ ಗಾದೆಯನ್ನು ನಾವು ಅನ್ಯರನ್ನು ಹಂಗಿಸಲು ಬಳಸುತ್ತೇವೆ. ಕುರುಬನ ಮಟ್ಟಿಗೆ ಅದು ಸರಳವಾದ ಲೆಕ್ಕಾಚಾರ.

ಮೇವನ್ನು ಕಾಲಕ್ಕೆ ಹೊಂದಿಸುವ ಈ ವಿವೇಕವು ಅರಸರ ಆಡಳಿತದಲ್ಲಿಯೂ ಕಾಣುತ್ತದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆಂದು ಹೆಸರಾಗಿದ್ದ ದನಗಳ ಇಲಾಖೆಗೆ ಟಿಪ್ಪು ಸುಲ್ತಾನನು ಅಮೃತಮಹಲ್ ಎಂದು ಹೆಸರಿಟ್ಟನು. ಇದರ ದನಗಳಿಗಾಗಿ ಬಿಟ್ಟ ಹುಲ್ಲುಗಾವಲುಗಳೇ ಕಾವಲುಗಳು. ಇವುಗಳನ್ನು ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಗೆಯ ಕಾವಲು ಎಂದು ವಿಂಗಡಿಸಿದ್ದರು; ದನಗಳು ಕಾಲಕ್ಕೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತಿದ್ದುವು. ಮಿತವ್ಯಯದ ಹೆಸರಿನಲ್ಲಿ ಮದರಾಸಿನ ಸರ್ಕಾರ 1860ರಲ್ಲಿ ಈ ಇಲಾಖೆಯನ್ನು ಮುಚ್ಚಿ ಹಿಂಡುಗಳನ್ನು ಮಾರಿತು. ಒಳ್ಳೆಯ ಎತ್ತುಗಳು ಸಿಕ್ಕದಂತಾದಾಗ ತಪ್ಪು ತಿಳಿಯಿತು. ಕೆಲವು ವರ್ಷಗಳಲ್ಲಿಯೇ ಮತ್ತೆ ಸ್ಥಾಪಿಸಬೇಕಾಯಿತು. ಕಾಲಕ್ರಮದಲ್ಲಿ ಅಮೃತಮಹಲ್ ದನಗಳ ಸಂಖ್ಯೆ ಕುಗ್ಗಿದ ಮೇಲೆ, ಚಳ್ಳಕೆರೆಯ ಕಾವಲುಗಳು ಸುತ್ತಣ ಊರುಗಳ ದನಕುರಿಗಳಿಗೆ ಆಸರೆಯಾದುವು.

ಇದೇ ಕಾಲದಲ್ಲಿ ಕುರಿಯನ್ನೇ ಸುಧಾರಿಸಬೇಕೆಂಬ ಉತ್ಸಾಹವೂ ಹುಟ್ಟಿತು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರಾಗಿದ್ದ ಸರ್ ಮಾರ್ಕ್ ಕಬ್ಬನ್ ಅವರು ಆಸ್ಟ್ರೇಲಿಯದಿಂದ ಮೆರಿನೊ ಟಗರುಗಳನ್ನು ತರಿಸಿ, ಅವುಗಳ ಸಂಕರದಿಂದ ನಮ್ಮ ಕುರಿಯ ಉಣ್ಣೆಯನ್ನು ನಯಗೊಳಿಸಲು ಒಂದು ಕ್ಷೇತ್ರವನ್ನು ನಡೆಸಿದರು. ಉದ್ದೇಶ ಒಳ್ಳೆಯದು. ಆದರೆ ಉಣ್ಣೆಯ ಮಾರಾಟದಿಂದ ಖರ್ಚು ಹುಟ್ಟಲಿಲ್ಲ. 1860ರ ದಶಕದಲ್ಲಿ ಕ್ಷೇತ್ರವನ್ನು ಮುಚ್ಚಿದರು. ನಯವಾದ ಬಿಳಿಯ ಉಣ್ಣೆ ವಿಲಾಯಿತಿಯ ಗಿರಣಿಗೆ ಬೇಕು. ನಮ್ಮ ಕಂಬಳಿಗೆ ಬೇಕಾದುದು ಬಿರುಸಾದ ಕರಿಯ ಉಣ್ಣೆ. ಹುಣಸೆಬೀಜದ ಗಂಜಿ ಹಾಕಿ ನೇದಾಗ ಮಳೆಯಲ್ಲಿ ನೀರು ಇಳಿಯದಂಥ ಉಣ್ಣೆ. ಕುರುಬನು ಶತಮಾನಗಳಿಂದ ಆರಿಸಿಕೊಂಡು ಬಂದುದು ಬಿಸಿಲು ತಾಳುವ, ದೂರ ನಡೆಯುವ, ಒಣ ಹುಲ್ಲಿನಿಂದಲೂ ಬದುಕುವ ದಖನಿ ಕುರಿಯನ್ನು. ಅದು ಸಾಮಾನ್ಯವಾಗಿ ಒಂದೇ ಮರಿಯನ್ನು ಈಯುತ್ತದೆ. ಅವಳಿ ಈಯದಿರುವುದು ದೋಷವೆಂದು ನಾವು ಎಣಿಸುತ್ತೇವೆ. ಆದರೆ ಮೇವು ಒಂದೇ ಮರಿಗೆ ಸಾಕಾಗುವ ನೆಲದಲ್ಲಿ ಅದು ದೋಷವಲ್ಲ, ಮಿತವರಿತ ಬಾಳು.

ಆಸ್ಟ್ರೇಲಿಯದ ಮಾತು ಬಂದುದರಿಂದ ಒಂದು ವಿಚಿತ್ರವನ್ನು ಹೇಳಬೇಕು. ಆ ದೇಶದಲ್ಲಿ ಬೂರೂಲಾ ಎಂಬ ಮೆರಿನೊ ಪಂಗಡವು ಎರಡು ಮೂರು ಮರಿಗಳನ್ನು ಒಟ್ಟಿಗೆ ಈಯುವುದಕ್ಕೆ ಹೆಸರಾಯಿತು. ಅದಕ್ಕೆ ಕಾರಣವಾದ ವಂಶವಾಹಿಯ ವ್ಯತ್ಯಾಸವನ್ನು ವಿಜ್ಞಾನಿಗಳು 2001ರಲ್ಲಿ ಗುರುತಿಸಿದರು. ಅದೇ ವ್ಯತ್ಯಾಸ ಬಂಗಾಳದ ಸುಂದರಬನದ ಗರೋಲ್ ಎಂಬ ಚಿಕ್ಕ ಕುರಿಯಲ್ಲಿಯೂ ಇದೆ. 1790ರ ದಶಕದಲ್ಲಿ ಕಲ್ಕತ್ತೆಯಿಂದ ಹಡಗಿನಲ್ಲಿ ಆಸ್ಟ್ರೇಲಿಯಕ್ಕೆ ಹೋದ ಬಂಗಾಳದ ಕುರಿಗಳಿಂದಲೇ ಈ ಗುಣ ಅಲ್ಲಿಗೆ ಹೋಯಿತೆಂದು ವಿದ್ವಾಂಸರ ಅಭಿಪ್ರಾಯ. ಸಂತಾನಸಮೃದ್ಧಿಯನ್ನು ನಮ್ಮ ದೇಶ ಕಡಲಾಚೆಗೆ ಕಳುಹಿಸಿತು. ಕೆಲವು ದಶಕಗಳ ಅನಂತರ ಮೈಸೂರು ಸಂಸ್ಥಾನವು ಅದೇ ಕಡಲನ್ನು ದಾಟಿಸಿ ನಯವಾದ ಉಣ್ಣೆಯ ಟಗರನ್ನು ತರಿಸಿಕೊಂಡಿತು! ಈಚೆಗೆ ಮಹಾರಾಷ್ಟ್ರದ ಫಲ್ಟಣದಲ್ಲಿರುವ ನಿಂಬಕರ್ ಕೃಷಿ ಸಂಶೋಧನ ಸಂಸ್ಥೆಯವರು ಗರೋಲ್ ಕುರಿಯ ಈ ಗುಣವನ್ನು ದಖನಿ ಕುರಿಗೆ ಕೂಡಿಸಿ ನಾರಿ ಸುವರ್ಣ ಎಂಬ ತಳಿಯನ್ನು ಬೆಳೆಸಿದರು. ಅದು ಕರ್ನಾಟಕಕ್ಕೂ ಬಂದಿದೆ. ಅದರಲ್ಲಿ ಅವಳಿ ಮರಿಗಳು ಸಾಮಾನ್ಯ.

ಇದು ಸಂತೋಷದ ವಿಷಯವೇ ಸರಿ. ಆದರೆ ಅವಳಿಯನ್ನು ಹೊತ್ತ ಕುರಿಗೆ ಕೊನೆಯ ಆರು ವಾರ ಹೊಟ್ಟೆತುಂಬ ಮೇವಿಲ್ಲದಿದ್ದರೆ ಅದು ತನ್ನ ಮೈಯ ಕೊಬ್ಬನ್ನೇ ಕರಗಿಸಿಕೊಂಡು ರೋಗಕ್ಕೆ ಬೀಳುತ್ತದೆ. ತಾಯಿಯೂ ಹೋಗಬಹುದು, ಮರಿಗಳೂ ಹೋಗಬಹುದು. ಲೆಕ್ಕಕ್ಕಾಗಿ ಹೀಗೆ ಎಣಿಸೋಣ. ನೂರು ತಾಯಿಕುರಿಗಳು ನೂರೈವತ್ತು ಮರಿ ಈದು ಅರ್ಧ ಸತ್ತರೆ ಉಳಿಯುವುದು ಎಪ್ಪತ್ತೈದು. ಇನ್ನೊಂದು ಹಿಂಡು ತೊಂಬತ್ತೇ ಮರಿ ಈದು ಹತ್ತು ಸತ್ತರೆ ಉಳಿಯುವುದು ಎಂಬತ್ತು. ವರದಿ ಬರೆಯುವವನು ಮೊದಲಿನದನ್ನು ಹೊಗಳುತ್ತಾನೆ. ಕುರಿಗಾಹಿ ಎಣಿಸುವುದು ಹುಟ್ಟಿದ ಮರಿಯನ್ನಲ್ಲ, ಹಾಲು ಬಿಟ್ಟು ಹುಲ್ಲು ಹಿಡಿದ ಮರಿಯನ್ನು.

ಹಾಗಾದರೆ ಹುಲ್ಲು ಎಲ್ಲಿದೆ? ಇಪ್ಪತ್ತನೆಯ ಶತಮಾನದಲ್ಲಿ ಶೇಂಗಾದ ಬೇಸಾಯ ಈ ಸೀಮೆಯನ್ನು ಆವರಿಸಿತು. ಚಳ್ಳಕೆರೆ ಎಣ್ಣೆಯ ನಗರವೆಂದು ಹೆಸರಾಯಿತು. ಶೇಂಗಾದ ಬಳ್ಳಿ ಕುರಿಗೆ ಒಳ್ಳೆಯ ಮೇವು, ಗಾಣದ ಹಿಂಡಿ ಗಬ್ಬದ ಕುರಿಗೆ ಅದಕ್ಕಿಂತಲೂ ಒಳ್ಳೆಯದು. ಆದರೆ ಬೀಳುಭೂಮಿ ಹೊಲವಾದಷ್ಟೂ, ಬಿತ್ತನೆಯಿಂದ ಸುಗ್ಗಿಯವರೆಗೆ ಹಿಂಡಿಗೆ ಕಾಲಿಡಲು ಎಡೆ ಕಡಿಮೆಯಾಯಿತು; ಅದು ಕುರಿ ಗಬ್ಬವಾಗಿರುವ ಕಾಲವೇ ಆಗಿದೆ. ಆಗ ಉಳಿದ ಆಸರೆ ಕಾವಲುಗಳು. ಸುಮಾರು 2009ರಿಂದ ಖುದಾಪುರ, ವರವು, ಉಳ್ಳಾರ್ತಿಗಳ ಕಡೆಯ ಕಾವಲುಗಳಲ್ಲಿ ಹತ್ತು ಸಾವಿರ ಎಕರೆಯಷ್ಟು ಭೂಮಿಯನ್ನು ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಶಿಕ್ಷಣ ಮೊದಲಾದ ಕಾರ್ಯಗಳಿಗೆ ಕೊಡಲಾಯಿತು. ಭಾರತೀಯ ವಿಜ್ಞಾನ ಸಂಸ್ಥೆಗೆ ಸಂದ ಭೂಮಿ 1500 ಎಕರೆ. ಗೋಡೆಗಳು ಎದ್ದುವು. ಊರಿನವರೂ ಪರಿಸರಾಸಕ್ತರೂ ಹಸಿರು ನ್ಯಾಯಮಂಡಲಿಯ ಮೊರೆಹೊಕ್ಕರು; 2014ರಲ್ಲಿ ತೀರ್ಪು ಬಂದಿತು; ಸಂಸ್ಥೆಗಳು ಅಲ್ಲಿಯೇ ಉಳಿದುವು. ವಿಮಾನಗಳ ಪರೀಕ್ಷಾಕ್ಷೇತ್ರ 2017ರಲ್ಲಿ ಉದ್ಘಾಟನೆಯಾಯಿತು.

ವಿಜ್ಞಾನವು ದೇಶಕ್ಕೆ ಬೇಡವೆಂದು ಹೇಳುವ ಅವಿವೇಕ ನನ್ನದಲ್ಲ. ನಾನೂ ಅದರ ಅನ್ನವನ್ನು ಉಂಡವನೇ. ಆದರೆ ಕಾವಲನ್ನು ಕಡತಗಳಲ್ಲಿ ಬರಿಯ ಪಾಳುಭೂಮಿಯೆಂದು ಕಂಡುದು ಚರಿತ್ರೆಯ ದೃಷ್ಟಿಯಿಂದ ತಪ್ಪು. ಅದು ಪಾಳಾಗಿರಲಿಲ್ಲ, ಬೆಳೆ ಹುಲ್ಲಾಗಿತ್ತು, ಫಸಲು ಮರಿಗಳಾಗಿದ್ದುವು. ಕುರಿಗಾಹಿಗೆ ಪಟ್ಟಾ ಇರಲಿಲ್ಲವಾದುದರಿಂದ ಅವನ ಫಸಲು ಯಾವ ಲೆಕ್ಕದ ಪುಸ್ತಕಕ್ಕೂ ಬರಲಿಲ್ಲ.

ಇದರ ಫಲ ಕಂಬಳಿಯ ಮಗ್ಗದವರೆಗೂ ಮುಟ್ಟಿದೆ. 2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ ಒಂದು ಕೋಟಿ ಹತ್ತು ಲಕ್ಷ ಕುರಿಗಳಿದ್ದುವು. ಸಂಖ್ಯೆ ಸಣ್ಣದಲ್ಲ. ಆದರೆ ಉಣ್ಣೆಯ ಬೆಲೆ ಕತ್ತರಿಸುವ ಕೂಲಿಗೂ ಸಾಲದಂತಾಗಿ, ಮಾಂಸಕ್ಕೆ ಬೇಗ ಮೈದುಂಬುವ, ಉಣ್ಣೆಯಿಲ್ಲದ ಕುರಿಯ ಕಡೆಗೆ ಸಾಕುವವರ ಮನಸ್ಸು ತಿರುಗಿದೆ. ಹೊಟ್ಟೆಪಾಡಿಗೆ ಹಾಗೆ ಮಾಡಿದವನನ್ನು ದೂಷಿಸುವ ಅಧಿಕಾರ ಕಂಬಳಿ ಕೊಳ್ಳುವುದನ್ನು ಬಿಟ್ಟ ನಮಗಿಲ್ಲ. ಹಿಂಡು ಉಳಿದರೂ ಕರಿಯ ಉಣ್ಣೆ ಉಳಿಯದೆ ಹೋಗಬಹುದು.

ಚರಿತ್ರೆಯಿಂದ ತಿಳಿಯಬರುವುದು ಇಷ್ಟು. ಸರ್ಕಾರಗಳು ಕುರಿಯ ಜಾತಿಯನ್ನು ತಿದ್ದಲು ಮತ್ತೆ ಮತ್ತೆ ಯತ್ನಿಸಿವೆ. ಅದೇ ಅವಧಿಯಲ್ಲಿ ಅದರ ಮೇವಿನ ನೆಲವನ್ನು ಕಳೆಯುತ್ತ ಬಂದಿವೆ. ಒಂದು ಕೈಯಿಂದ ಟಗರನ್ನು ಕೊಟ್ಟು ಇನ್ನೊಂದು ಕೈಯಿಂದ ಹುಲ್ಲನ್ನು ಕಿತ್ತುಕೊಂಡರೆ ಮರಿ ಉಳಿಯುವುದಿಲ್ಲ. ಹೊಸ ತಳಿಯನ್ನು ಹಂಚುವವರು ಅದರೊಡನೆ, ಗಬ್ಬದ ಕೊನೆಯ ಆರು ವಾರಗಳಿಗೆ ಬೇಕಾದ ಹಿಂಡಿಯನ್ನೂ ಕೊಡುವ ವ್ಯವಸ್ಥೆ ಮಾಡಬೇಕು. ಉಳಿದಿರುವ ಕಾವಲುಗಳನ್ನಾದರೂ ಮಂದೆಗಳಿಗೆ ಭದ್ರಪಡಿಸಬೇಕು. ಉಳಿದ ಮರಿಗಳನ್ನು ಎಣಿಸುವ ಅಭ್ಯಾಸ ನಮ್ಮ ವರದಿಗಳಿಗೆ ಬರಬೇಕು.

ಈ ಮಾತುಗಳನ್ನು ಕೇಳುತ್ತಿರುವ ತಮ್ಮಲ್ಲಿ ಬಹುಮಂದಿ ನಗರವಾಸಿಗಳು. ಮುಂಗಾರು ತಡವಾದರೆ ನಮಗೆ ಸೆಕೆ ಹೆಚ್ಚಾಯಿತೆಂದು ಗೊಣಗುವುದಷ್ಟೆ ನಮ್ಮ ಕಷ್ಟ. ಇನ್ನು ಮುಂದೆ ಜೂನ್ ತಿಂಗಳಲ್ಲಿ ಆಕಾಶವನ್ನು ನೋಡುವಾಗ, ಚಳ್ಳಕೆರೆಯ ಬಯಲಿನಲ್ಲಿ ಅದೇ ಆಕಾಶವನ್ನು ನೋಡುತ್ತ ಡಿಸೆಂಬರಿನ ಮರಿಗಳನ್ನು ಎಣಿಸುತ್ತಿರುವವನೊಬ್ಬನು ಇದ್ದಾನೆಂದು ನೆನೆಯುವುದಾದರೆ, ಈ ಹೊತ್ತಿನ ನನ್ನ ಮಾತು ಸಾರ್ಥಕವಾಯಿತೆಂದು ತಿಳಿಯುತ್ತೇನೆ.