ಉಚಿತ ವೈರಸ್ ನಿರೋಧಕ ತಂತ್ರಾಂಶ

ಉಚಿತ ವೈರಸ್ ನಿರೋಧಕ ತಂತ್ರಾಂಶ ಎಂದರೆ ವೈರಸ್, ವರ್ಮ್, ಟ್ರೋಜನ್, ರ‍್ಯಾನ್ಸಮ್‌ವೇರ್, ಸ್ಪೈವೇರ್ ಮುಂತಾದ ಕುತಂತ್ರಾಂಶಗಳಿಂದ ಗಣಕಯಂತ್ರವನ್ನು ರಕ್ಷಿಸಲು ಬಳಕೆದಾರರಿಂದ ಹಣ ಪಡೆಯದೆ ಒದಗಿಸುವ ತಂತ್ರಾಂಶ. ಮನೆಬಳಕೆಯ ಗಣಕಯಂತ್ರಗಳಲ್ಲಿ ಇದರ ಬಳಕೆ ವ್ಯಾಪಕವಾಗಿದೆ. ಕಾರ್ಯಾಚರಣ ವ್ಯವಸ್ಥೆಯೊಂದಿಗೇ ಬರುವ ರಕ್ಷಣೆ, ಖಾಸಗಿ ಸಂಸ್ಥೆಗಳ ಉಚಿತ ಆವೃತ್ತಿಗಳು, ಮುಕ್ತ ತಂತ್ರಾಂಶಗಳು ಮತ್ತು ಸರ್ಕಾರಿ ಸಂಸ್ಥೆಗಳು ನೀಡುವ ಸಾಧನಗಳು ಎಂದು ಇವುಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು. ಎಲ್ಲವೂ ಉಚಿತವಾಗಿದ್ದರೂ ಅವುಗಳ ನಿರ್ವಹಣೆಯ ವೆಚ್ಚ ಬರುವ ಮೂಲ ಬೇರೆ ಬೇರೆಯಾಗಿರುವುದರಿಂದ, ಆಯ್ಕೆಯಲ್ಲಿ ಆ ಮೂಲವನ್ನು ತಿಳಿಯುವುದು ಮುಖ್ಯವಾಗುತ್ತದೆ.

ಹಿನ್ನೆಲೆ

ಐಬಿಎಂ ಮಾದರಿಯ ವೈಯಕ್ತಿಕ ಗಣಕಗಳಲ್ಲಿ ಹರಡಿದ ಮೊದಲ ವೈರಸ್ ಎಂದು ಪರಿಗಣಿಸಲಾದ ‘ಬ್ರೇನ್’ 1986ರಲ್ಲಿ ಪಾಕಿಸ್ತಾನದ ಲಾಹೋರಿನಲ್ಲಿ ರಚನೆಯಾಯಿತು. ಅದು ಫ್ಲಾಪಿ ಡಿಸ್ಕುಗಳ ಮೂಲಕ ಹರಡುತ್ತಿತ್ತು. ಅಂತರಜಾಲದ ಬಳಕೆ ಹೆಚ್ಚಿದಂತೆ ಮಿಂಚಂಚೆ, ಜಾಲತಾಣ ಮತ್ತು ಪೆನ್‌ಡ್ರೈವ್‌ಗಳು ಕುತಂತ್ರಾಂಶಗಳ ಮುಖ್ಯ ವಾಹಕಗಳಾದವು.

2000ರ ದಶಕದಲ್ಲಿ ಎವಿಜಿ, ಅವಾಸ್ಟ್, ಅವಿರಾ ಮುಂತಾದ ಯುರೋಪಿನ ಸಂಸ್ಥೆಗಳು ಮನೆಬಳಕೆಗೆ ಉಚಿತ ಆವೃತ್ತಿಗಳನ್ನು ನೀಡಿ ಜನಪ್ರಿಯವಾದವು. ಮೈಕ್ರೋಸಾಫ್ಟ್ ಸಂಸ್ಥೆಯು 2009ರ ಸೆಪ್ಟೆಂಬರ್‌ನಲ್ಲಿ ‘ಸೆಕ್ಯುರಿಟಿ ಎಸೆನ್ಷಿಯಲ್ಸ್’ ಎಂಬ ಉಚಿತ ತಂತ್ರಾಂಶವನ್ನು ಬಿಡುಗಡೆ ಮಾಡಿತು. 2012ರಲ್ಲಿ ಬಂದ ವಿಂಡೋಸ್ 8ರಿಂದ ಪೂರ್ಣ ಪ್ರಮಾಣದ ವೈರಸ್ ನಿರೋಧಕವು ‘ವಿಂಡೋಸ್ ಡಿಫೆಂಡರ್’ ಎಂಬ ಹೆಸರಿನಲ್ಲಿ ಕಾರ್ಯಾಚರಣ ವ್ಯವಸ್ಥೆಯ ಅಂಗವೇ ಆಯಿತು. ಮುಂದೆ ಇದಕ್ಕೆ ‘ಮೈಕ್ರೋಸಾಫ್ಟ್ ಡಿಫೆಂಡರ್’ ಎಂಬ ಹೆಸರು ಬಂದಿತು.

ಕಾರ್ಯವಿಧಾನ

ವೈರಸ್ ನಿರೋಧಕಗಳು ಸಾಮಾನ್ಯವಾಗಿ ಮೂರು ವಿಧಾನಗಳನ್ನು ಒಟ್ಟಾಗಿ ಬಳಸುತ್ತವೆ.

* ಸಹಿ ಆಧಾರಿತ ಪತ್ತೆ: ಈಗಾಗಲೇ ತಿಳಿದಿರುವ ಕುತಂತ್ರಾಂಶಗಳ ಗುರುತುಗಳ ಪಟ್ಟಿಯೊಂದಿಗೆ ಕಡತಗಳನ್ನು ಹೋಲಿಸಲಾಗುತ್ತದೆ. ಪಟ್ಟಿ ನವೀಕರಣಗೊಳ್ಳದಿದ್ದರೆ ಹೊಸ ಕುತಂತ್ರಾಂಶಗಳು ಈ ವಿಧಾನದಿಂದ ಪತ್ತೆಯಾಗುವುದಿಲ್ಲ.
* ವರ್ತನೆ ಆಧಾರಿತ ಪತ್ತೆ: ಒಂದು ಪ್ರೋಗ್ರಾಮ್ ಅಲ್ಪಾವಧಿಯಲ್ಲಿ ನೂರಾರು ಕಡತಗಳನ್ನು ಗೂಢಲಿಪೀಕರಿಸುವಂತಹ ಅನುಮಾನಾಸ್ಪದ ಕೆಲಸಗಳನ್ನು ಗಮನಿಸಿ ತಡೆಯಲಾಗುತ್ತದೆ.
* ಕ್ಲೌಡ್ ಆಧಾರಿತ ಪತ್ತೆ: ಅಪರಿಚಿತ ಕಡತದ ಮಾಹಿತಿಯನ್ನು ಸಂಸ್ಥೆಯ ಸರ್ವರ್‌ಗೆ ಕಳುಹಿಸಿ ಪರಿಶೀಲಿಸಲಾಗುತ್ತದೆ. ಇದಕ್ಕೆ ಅಂತರಜಾಲ ಸಂಪರ್ಕ ಅಗತ್ಯ.

ಕಡತವನ್ನು ತೆರೆಯುವ ಕ್ಷಣದಲ್ಲಿಯೇ ಪರೀಕ್ಷಿಸುವುದನ್ನು ನೈಜ ಸಮಯದ ರಕ್ಷಣೆ ಎನ್ನುತ್ತಾರೆ. ಬಳಕೆದಾರರು ಕೇಳಿದಾಗ ಮಾತ್ರ ಪರೀಕ್ಷಿಸುವ ತಂತ್ರಾಂಶಗಳು ಸೋಂಕನ್ನು ಶುಚಿಗೊಳಿಸಲು ನೆರವಾಗುತ್ತವೆಯೇ ಹೊರತು ಅದು ತಗಲುವುದನ್ನು ತಡೆಯುವುದಿಲ್ಲ. ನಿರೋಧಕವು ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ‘ಐಕಾರ್’ ಪರೀಕ್ಷಾ ಕಡತವನ್ನು ಬಳಸಲಾಗುತ್ತದೆ. 68 ಅಕ್ಷರಗಳ ಈ ಪಠ್ಯ ನಿರುಪದ್ರವಿಯಾಗಿದ್ದು, ಬಹುತೇಕ ನಿರೋಧಕಗಳು ಇದನ್ನು ವೈರಸ್ ಎಂಬಂತೆ ಗುರುತಿಸುತ್ತವೆ.

ಬಗೆಗಳು

ಕಾರ್ಯಾಚರಣ ವ್ಯವಸ್ಥೆಯ ಭಾಗವಾಗಿರುವವು

ವಿಂಡೋಸ್ 10 ಮತ್ತು 11ರಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಮೊದಲೇ ಸ್ಥಾಪಿತವಾಗಿರುತ್ತದೆ. ಇದರ ವೆಚ್ಚ ವಿಂಡೋಸ್ ಪರವಾನಗಿಯಲ್ಲಿಯೇ ಅಡಗಿದೆ. ಬೇರೊಂದು ವೈರಸ್ ನಿರೋಧಕವನ್ನು ಸ್ಥಾಪಿಸಿದಾಗ ಡಿಫೆಂಡರ್‌ನ ನೈಜ ಸಮಯದ ರಕ್ಷಣೆ ಸಾಮಾನ್ಯವಾಗಿ ತಾನಾಗಿಯೇ ನಿಲ್ಲುತ್ತದೆ. ಅದನ್ನು ತೆಗೆದುಹಾಕಿದಾಗ ಮತ್ತೆ ಆರಂಭವಾಗುತ್ತದೆ. 2017ರಿಂದ ಇದರಲ್ಲಿ ಆಯ್ದ ಕಡತಕೋಶಗಳನ್ನು ಅಪರಿಚಿತ ಪ್ರೋಗ್ರಾಮ್‌ಗಳು ಬದಲಾಯಿಸದಂತೆ ತಡೆಯುವ ಸೌಲಭ್ಯವಿದೆ. ರ‍್ಯಾನ್ಸಮ್‌ವೇರ್ ವಿರುದ್ಧ ಉಪಯುಕ್ತವಾದ ಈ ಸೌಲಭ್ಯವನ್ನು ಬಳಕೆದಾರರೇ ಚಾಲನೆಗೊಳಿಸಬೇಕಾಗುತ್ತದೆ. ಆ್ಯಪಲ್ ಸಂಸ್ಥೆಯ ಮ್ಯಾಕ್ ಗಣಕಗಳಲ್ಲಿ 2009ರಿಂದ ‘ಎಕ್ಸ್‌ಪ್ರೊಟೆಕ್ಟ್’ ಎಂಬ ಅಂತರ್ಗತ ವ್ಯವಸ್ಥೆ ಇದೆ.

ಖಾಸಗಿ ಸಂಸ್ಥೆಗಳ ಉಚಿತ ಆವೃತ್ತಿಗಳು

ಅವಾಸ್ಟ್, ಎವಿಜಿ ಮತ್ತು ಅವಿರಾ ಈ ಗುಂಪಿನಲ್ಲಿ ಪ್ರಮುಖವಾದವು. ಅವಾಸ್ಟ್ ಸಂಸ್ಥೆಯು 2016ರಲ್ಲಿ ಎವಿಜಿಯನ್ನು ಖರೀದಿಸಿತು. ಅವಾಸ್ಟ್ 2022ರಲ್ಲಿ ನಾರ್ಟನ್ ಲೈಫ್‌ಲಾಕ್‌ನೊಂದಿಗೆ ವಿಲೀನವಾದ ಬಳಿಕ ಈ ಮೂರೂ ‘ಜೆನ್ ಡಿಜಿಟಲ್’ ಎಂಬ ಒಂದೇ ಸಂಸ್ಥೆಯ ಅಡಿಯಲ್ಲಿವೆ. ಬಳಕೆದಾರರನ್ನು ಹಣ ಪಾವತಿಸುವ ಆವೃತ್ತಿಯತ್ತ ಸೆಳೆಯುವುದು ಇಂತಹ ತಂತ್ರಾಂಶಗಳ ಸಾಮಾನ್ಯ ಆದಾಯ ಮಾರ್ಗ. ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿಯು ಕೇಳಿದಾಗ ಪರೀಕ್ಷಿಸಿ ಶುಚಿಗೊಳಿಸುತ್ತದೆ. ಅದರ ನೈಜ ಸಮಯದ ರಕ್ಷಣೆಗೆ ಹಣ ಪಾವತಿಸಬೇಕು.

ಮುಕ್ತ ತಂತ್ರಾಂಶಗಳು

ಕ್ಲಾಮ್‌ಎವಿ ಎಂಬುದು ಜಿಪಿಎಲ್ ಪರವಾನಗಿಯ ಅಡಿಯಲ್ಲಿ ಲಭ್ಯವಿರುವ ವೈರಸ್ ಪತ್ತೆ ತಂತ್ರಾಂಶ. ಇದರ ಮೂಲ ಸಂಕೇತವನ್ನು ಯಾರು ಬೇಕಾದರೂ ಪರಿಶೀಲಿಸಬಹುದು. 2013ರಿಂದ ಇದರ ಅಭಿವೃದ್ಧಿ ಸಿಸ್ಕೋ ಸಂಸ್ಥೆಯ ಆಶ್ರಯದಲ್ಲಿ ನಡೆಯುತ್ತಿದೆ. ಮಿಂಚಂಚೆ ಸರ್ವರ್‌ಗಳಲ್ಲಿ ಇದರ ಬಳಕೆ ಹೆಚ್ಚು. ಇದನ್ನು ಆಧರಿಸಿದ ಕ್ಲಾಮ್‌ವಿನ್ ವಿಂಡೋಸ್‌ನಲ್ಲಿ ಕೆಲಸ ಮಾಡುತ್ತದೆಯಾದರೂ ಅದರಲ್ಲಿ ನೈಜ ಸಮಯದ ರಕ್ಷಣೆ ಇಲ್ಲದ ಕಾರಣ, ಮನೆಯ ಗಣಕಕ್ಕೆ ಅದೊಂದೇ ಸಾಲದು.

ಸರ್ಕಾರಿ ಸಾಧನಗಳು

ಭಾರತದ ಗಣಕ ತುರ್ತು ಸ್ಪಂದನಾ ತಂಡವಾದ ಸರ್ಟ್-ಇನ್ 2004ರಿಂದ ಕಾರ್ಯನಿರ್ವಹಿಸುತ್ತಿದೆ. ಇದರ ನಿರ್ವಹಣೆಯಲ್ಲಿ ‘ಸೈಬರ್ ಸ್ವಚ್ಛತಾ ಕೇಂದ್ರ’ವು 2017ರ ಫೆಬ್ರವರಿ 21ರಂದು ಉದ್ಘಾಟನೆಗೊಂಡಿತು. ಸೋಂಕಿತ ಗಣಕಗಳನ್ನು ಗುರುತಿಸಿ, ಅಂತರಜಾಲ ಸೇವಾದಾರರ ಮೂಲಕ ಅವುಗಳ ಬಳಕೆದಾರರಿಗೆ ತಿಳಿಸುವುದು ಮತ್ತು ಶುಚಿಗೊಳಿಸುವ ಉಚಿತ ಸಾಧನಗಳನ್ನು ಒದಗಿಸುವುದು ಇದರ ಉದ್ದೇಶ. ಪೆನ್‌ಡ್ರೈವ್‌ಗಳ ಬಳಕೆಯನ್ನು ನಿಯಂತ್ರಿಸುವ ‘ಯುಎಸ್‌ಬಿ ಪ್ರತಿರೋಧ್’ ಮತ್ತು ಅನುಮತಿ ಪಡೆದ ಪ್ರೋಗ್ರಾಮ್‌ಗಳಿಗೆ ಮಾತ್ರ ಅವಕಾಶ ನೀಡುವ ‘ಆ್ಯಪ್ ಸಂವಿದ್’ ಈ ಕೇಂದ್ರ ಪರಿಚಯಿಸಿದ ಸಾಧನಗಳಲ್ಲಿ ಸೇರಿವೆ. ಇವು ಪೂರ್ಣ ಪ್ರಮಾಣದ ವೈರಸ್ ನಿರೋಧಕಕ್ಕೆ ಪೂರಕವೇ ಹೊರತು ಪರ್ಯಾಯವಲ್ಲ.

ಆಯ್ಕೆಯ ಮಾನದಂಡಗಳು

ಆದಾಯದ ಮೂಲ ಮತ್ತು ಖಾಸಗಿತನ

ವೈರಸ್ ನಿರೋಧಕಕ್ಕೆ ಗಣಕದ ಎಲ್ಲ ಕಡತಗಳನ್ನೂ ನೋಡುವ ಅಧಿಕಾರ ಇರುತ್ತದೆ. ಅದನ್ನು ಒದಗಿಸುವ ಸಂಸ್ಥೆಯ ವಿಶ್ವಾಸಾರ್ಹತೆ ಆದ್ದರಿಂದಲೇ ಮುಖ್ಯ. ಅವಾಸ್ಟ್ ಸಂಸ್ಥೆಯು ತನ್ನ ಅಂಗಸಂಸ್ಥೆ ‘ಜಂಪ್‌ಶಾಟ್’ ಮೂಲಕ ಬಳಕೆದಾರರ ಜಾಲವೀಕ್ಷಣೆಯ ಮಾಹಿತಿಯನ್ನು ಮಾರುತ್ತಿದ್ದುದು ಬೆಳಕಿಗೆ ಬಂದ ನಂತರ, 2020ರ ಜನವರಿಯಲ್ಲಿ ಆ ಅಂಗಸಂಸ್ಥೆಯನ್ನು ಮುಚ್ಚಲಾಯಿತು. ಈ ಪ್ರಕರಣದಲ್ಲಿ ಅಮೆರಿಕದ ಫೆಡರಲ್ ವ್ಯಾಪಾರ ಆಯೋಗವು 2024ರಲ್ಲಿ ಅವಾಸ್ಟ್ 1.65 ಕೋಟಿ ಡಾಲರ್ ಪಾವತಿಸಬೇಕೆಂದೂ, ಜಾಹೀರಾತು ಉದ್ದೇಶಕ್ಕೆ ಇಂತಹ ಮಾಹಿತಿಯನ್ನು ಮಾರಬಾರದೆಂದೂ ಆದೇಶಿಸಿತು.

ನೈಜ ಸಮಯದ ರಕ್ಷಣೆ ಒಂದೇ ಇರಬೇಕಾದುದು

ನೈಜ ಸಮಯದ ಎರಡು ನಿರೋಧಕಗಳು ಏಕಕಾಲಕ್ಕೆ ನಡೆದರೆ ಒಂದೇ ಕಡತಕ್ಕಾಗಿ ಪರಸ್ಪರ ಅಡ್ಡಿಪಡಿಸಿ ಗಣಕದ ವೇಗವನ್ನು ಕುಂದಿಸುತ್ತವೆ. ಒಂದು ನೈಜ ಸಮಯದ ನಿರೋಧಕ, ಅನುಮಾನ ಬಂದಾಗ ಮತ್ತೊಮ್ಮೆ ಪರೀಕ್ಷಿಸಲು ಬೇಡಿಕೆಯ ಮೇರೆಗೆ ಕೆಲಸ ಮಾಡುವ ಮತ್ತೊಂದು ಸಾಧನ ಎಂಬ ಜೋಡಣೆ ಮನೆಬಳಕೆಗೆ ಸೂಕ್ತ.

ಸ್ವತಂತ್ರ ಪರೀಕ್ಷೆಗಳು

ಜರ್ಮನಿಯ ‘ಎವಿ-ಟೆಸ್ಟ್’ ಮತ್ತು ಆಸ್ಟ್ರಿಯಾದ ‘ಎವಿ-ಕಂಪ್ಯಾರೇಟಿವ್ಸ್’ ಸಂಸ್ಥೆಗಳು ನಿಯತವಾಗಿ ಪರೀಕ್ಷಾ ಫಲಿತಾಂಶಗಳನ್ನು ಪ್ರಕಟಿಸುತ್ತವೆ. ಪತ್ತೆಯ ಪ್ರಮಾಣದ ಜೊತೆಗೆ ಗಣಕದ ವೇಗದ ಮೇಲಿನ ಪರಿಣಾಮ ಹಾಗೂ ನಿರಪಾಯಕಾರಿ ಕಡತಗಳನ್ನು ತಪ್ಪಾಗಿ ಗುರುತಿಸುವ ಪ್ರಮಾಣವನ್ನೂ ಅವು ತಿಳಿಸುತ್ತವೆ.

ನವೀಕರಣದ ಸೌಲಭ್ಯ

ಬೆಳಗಾವಿಯ ರಾಮತೀರ್ಥ ನಗರದಂತಹ ನಗರ ಬಡಾವಣೆಯಲ್ಲಿ ಬ್ರಾಡ್‌ಬ್ಯಾಂಡ್ ಇರುವ ಮನೆಗೆ ದಿನನಿತ್ಯದ ನವೀಕರಣ ಸಮಸ್ಯೆಯಾಗದು. ಖಾನಾಪುರ ತಾಲ್ಲೂಕಿನ ಕಾಡಂಚಿನ ಹಳ್ಳಿಗಳಂತೆ ಮೊಬೈಲ್ ಸಂಪರ್ಕ ದುರ್ಬಲವಾಗಿರುವ ಕಡೆ ಕ್ಲೌಡ್ ಆಧಾರಿತ ಪತ್ತೆಯನ್ನೇ ನೆಚ್ಚುವ ತಂತ್ರಾಂಶಗಳ ಸಾಮರ್ಥ್ಯ ಕುಗ್ಗುತ್ತದೆ. ಡಿಫೆಂಡರ್‌ನ ನವೀಕರಣ ಕಡತವನ್ನು ಮೈಕ್ರೋಸಾಫ್ಟ್ ಜಾಲತಾಣದಿಂದ ಬೇರೊಂದು ಗಣಕದಲ್ಲಿ ಇಳಿಸಿಕೊಂಡು, ಪೆನ್‌ಡ್ರೈವ್ ಮೂಲಕ ತಂದು ಸ್ಥಾಪಿಸುವ ಅವಕಾಶವಿದೆ.

ಮೂಲ ಜಾಲತಾಣ

‘ನಿಮ್ಮ ಗಣಕದಲ್ಲಿ ವೈರಸ್ ಇದೆ’ ಎಂದು ಹೆದರಿಸುವ ಪುಟಿಕೆ ಜಾಹೀರಾತುಗಳ ಮೂಲಕ ಹರಡುವ ನಕಲಿ ನಿರೋಧಕಗಳು ಸ್ವತಃ ಕುತಂತ್ರಾಂಶಗಳಾಗಿರುತ್ತವೆ. ತಯಾರಕರ ಅಧಿಕೃತ ಜಾಲತಾಣದಿಂದಷ್ಟೇ ಇಳಿಸಿಕೊಳ್ಳುವುದು ಸುರಕ್ಷಿತ. ಹಣ ಪಾವತಿಸಬೇಕಾದ ಆವೃತ್ತಿಗಳನ್ನು ‘ಕ್ರ್ಯಾಕ್’ ಮೂಲಕ ಉಚಿತವಾಗಿಸಿಕೊಳ್ಳುವ ಪ್ರಯತ್ನವೂ ಸೋಂಕಿಗೆ ದಾರಿಯಾಗುತ್ತದೆ.

ಕನ್ನಡ ಬಳಕೆದಾರರ ಸಂದರ್ಭದಲ್ಲಿ

ಪಹಣಿ, ಅಂಕಪಟ್ಟಿ, ಅರ್ಜಿ ಮುಂತಾದವುಗಳ ಮುದ್ರಣಕ್ಕಾಗಿ ಪೆನ್‌ಡ್ರೈವನ್ನು ಝೆರಾಕ್ಸ್ ಅಂಗಡಿಗೆ ಒಯ್ಯುವುದು ಕರ್ನಾಟಕದಲ್ಲಿ ಸಾಮಾನ್ಯ. ಅನೇಕರ ಪೆನ್‌ಡ್ರೈವ್‌ಗಳು ಒಂದೇ ಗಣಕಕ್ಕೆ ಜೋಡಣೆಯಾಗುವುದರಿಂದ ಸೋಂಕು ಸುಲಭವಾಗಿ ಹರಡುತ್ತದೆ. ಕಡತಕೋಶಗಳನ್ನು ಮರೆಮಾಡಿ ಅವುಗಳ ಜಾಗದಲ್ಲಿ ಅದೇ ಹೆಸರಿನ ಶಾರ್ಟ್‌ಕಟ್‌ಗಳನ್ನು ಇರಿಸುವ ವರ್ಮ್‌ಗಳು ಈ ಬಗೆಯವು. ಇಂತಹ ಸೋಂಕಿನಲ್ಲಿ ಮೂಲ ಕಡತಗಳು ಸಾಮಾನ್ಯವಾಗಿ ಪೆನ್‌ಡ್ರೈವ್‌ನಲ್ಲಿಯೇ ಉಳಿದಿರುವುದರಿಂದ, ಫಾರ್ಮ್ಯಾಟ್ ಮಾಡುವ ಮೊದಲು ಮರೆಯಾದ ಕಡತಗಳನ್ನು ತೋರಿಸುವ ಆಯ್ಕೆಯನ್ನು ಬಳಸಿ ನೋಡುವುದು ಒಳಿತು. ಮುದ್ರಣಕ್ಕೆ ಬೇಕಾದ ಕಡತವನ್ನಷ್ಟೇ ಹೊಂದಿರುವ ಪ್ರತ್ಯೇಕ ಪೆನ್‌ಡ್ರೈವ್ ಬಳಸುವುದರಿಂದ ನಷ್ಟದ ಸಾಧ್ಯತೆ ಕಡಿಮೆಯಾಗುತ್ತದೆ.

ನುಡಿ, ಬರಹ ಮುಂತಾದ ಕನ್ನಡ ತಂತ್ರಾಂಶಗಳು ಕೀಲಿಮಣೆಯ ಒತ್ತುಗಳನ್ನು ಗ್ರಹಿಸಿ ಕನ್ನಡ ಅಕ್ಷರಗಳನ್ನಾಗಿ ಪರಿವರ್ತಿಸುತ್ತವೆ. ಗುಪ್ತಪದಗಳನ್ನು ಕದಿಯುವ ಕುತಂತ್ರಾಂಶಗಳೂ ಕೀಲಿ ಒತ್ತುಗಳನ್ನು ಗ್ರಹಿಸುತ್ತವೆಯಾದ್ದರಿಂದ, ವರ್ತನೆ ಆಧಾರಿತ ಪತ್ತೆಯು ಕನ್ನಡ ತಂತ್ರಾಂಶವನ್ನೂ ಅನುಮಾನಿಸುವ ಸಾಧ್ಯತೆ ಇರುತ್ತದೆ. ಆಗ ನಿರೋಧಕವನ್ನೇ ಸ್ಥಗಿತಗೊಳಿಸುವ ಬದಲು, ಅಧಿಕೃತ ಮೂಲದಿಂದ ಇಳಿಸಿಕೊಂಡ ಆ ಒಂದು ಪ್ರೋಗ್ರಾಮ್‌ಗೆ ಮಾತ್ರ ವಿನಾಯಿತಿ ನೀಡಬಹುದು. ಅನುಮಾನವಿರುವ ಕಡತವನ್ನು ಅನೇಕ ನಿರೋಧಕಗಳಿಂದ ಒಮ್ಮೆಗೇ ಪರೀಕ್ಷಿಸುವ ‘ವೈರಸ್‌ಟೋಟಲ್’ ಸೇವೆಯೂ ಉಚಿತವಾಗಿದೆ. ಅಲ್ಲಿಗೆ ಕಳುಹಿಸಿದ ಕಡತಗಳು ಭದ್ರತಾ ಸಂಸ್ಥೆಗಳೊಂದಿಗೆ ಹಂಚಿಕೆಯಾಗುವುದರಿಂದ ಖಾಸಗಿ ದಾಖಲೆಗಳನ್ನು ಕಳುಹಿಸುವುದು ಉಚಿತವಲ್ಲ.

ಮಿತಿಗಳು

2017ರ ಮೇ 12ರಂದು ಹರಡಿದ ‘ವಾನಾಕ್ರೈ’ ರ‍್ಯಾನ್ಸಮ್‌ವೇರ್ ಬಳಸಿಕೊಂಡ ವಿಂಡೋಸ್ ದೋಷಕ್ಕೆ ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್‌ನಲ್ಲಿಯೇ ಪರಿಹಾರ ನೀಡಿತ್ತು. ಸೋಂಕಿಗೆ ಒಳಗಾದವುಗಳಲ್ಲಿ ಆ ನವೀಕರಣವನ್ನು ಸ್ಥಾಪಿಸಿಕೊಳ್ಳದ ಗಣಕಗಳೇ ಹೆಚ್ಚಾಗಿದ್ದವು. ಕಾರ್ಯಾಚರಣ ವ್ಯವಸ್ಥೆಯ ನವೀಕರಣಕ್ಕೆ ವೈರಸ್ ನಿರೋಧಕವು ಬದಲಿಯಲ್ಲ ಎಂಬುದಕ್ಕೆ ಇದು ನಿದರ್ಶನ. ವಿಂಡೋಸ್ 7ರ ಬೆಂಬಲ 2020ರ ಜನವರಿ 14ರಂದು, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11ಕ್ಕೆ ಅರ್ಹವಲ್ಲದ ಹಳೆಯ ಗಣಕಗಳಿಗೆ ಲಿನಕ್ಸ್ ವಿತರಣೆಗಳು ಒಂದು ಪರ್ಯಾಯ. ಸಿ-ಡ್ಯಾಕ್ ಅಭಿವೃದ್ಧಿಪಡಿಸಿದ ‘ಬಾಸ್’ ಲಿನಕ್ಸ್ ಕನ್ನಡವನ್ನೂ ಬೆಂಬಲಿಸುತ್ತದೆ.

ಗೂಢಲಿಪೀಕರಣಗೊಂಡ ಕಡತಗಳನ್ನು ವೈರಸ್ ನಿರೋಧಕವು ಸಾಮಾನ್ಯವಾಗಿ ಮರಳಿ ತೆರೆಯಲಾರದು. ಕುಟುಂಬದ ಛಾಯಾಚಿತ್ರಗಳು ಮತ್ತು ದಾಖಲೆಗಳ ಪ್ರತಿಯನ್ನು ಹೊರಗಿನ ಡಿಸ್ಕಿನಲ್ಲಿ ಉಳಿಸಿ, ಅದನ್ನು ಗಣಕದಿಂದ ಬೇರ್ಪಡಿಸಿ ಇಡುವುದೇ ಈ ನಷ್ಟಕ್ಕೆ ಇರುವ ಖಚಿತ ಪರಿಹಾರ. ಸದಾ ಜೋಡಿಸಿಟ್ಟ ಡಿಸ್ಕು ಸೋಂಕಿನ ವೇಳೆ ತಾನೂ ಗೂಢಲಿಪೀಕರಣಗೊಳ್ಳಬಹುದು.

ಕುತಂತ್ರಾಂಶವನ್ನೇ ಬಳಸದ ವಂಚನೆಗಳ ಎದುರು ಯಾವ ನಿರೋಧಕವೂ ನೆರವಾಗದು. ಪೊಲೀಸರ ಸೋಗಿನಲ್ಲಿ ವೀಡಿಯೊ ಕರೆ ಮಾಡಿ ಹಣ ಸುಲಿಯುವ ‘ಡಿಜಿಟಲ್ ಅರೆಸ್ಟ್’ ಇದಕ್ಕೆ ಉದಾಹರಣೆ. ಭಾರತದ ಕಾನೂನಿನಲ್ಲಿ ಇಂತಹ ಬಂಧನವೇ ಇಲ್ಲ. ಅಪರಿಚಿತರ ಸೂಚನೆಯಂತೆ ಬಳಕೆದಾರರೇ ಸ್ಥಾಪಿಸುವ ದೂರನಿಯಂತ್ರಣ ತಂತ್ರಾಂಶಗಳು ಕಾನೂನುಬದ್ಧವಾದವುಗಳೇ ಆಗಿರುವುದರಿಂದ, ಅವುಗಳನ್ನೂ ನಿರೋಧಕವು ತಡೆಯದಿರಬಹುದು.

ಕಾನೂನು ಮತ್ತು ದೂರು

ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43ನೇ ಕಲಮು ಅನುಮತಿಯಿಲ್ಲದೆ ಗಣಕಕ್ಕೆ ವೈರಸ್ ಸೇರಿಸುವುದನ್ನು ಒಳಗೊಂಡಿದೆ. ವಂಚನೆಯ ಅಥವಾ ಅಪ್ರಾಮಾಣಿಕ ಉದ್ದೇಶದಿಂದ ಹಾಗೆ ಮಾಡಿದರೆ 66ನೇ ಕಲಮಿನಂತೆ 3 ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಭಾರತದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಮುಂದೆ ಬೆಳಗಾವಿ ನಗರವೂ ಸೇರಿದಂತೆ ರಾಜ್ಯದ ಹಲವೆಡೆ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ ‘ಸಿಇಎನ್’ ಠಾಣೆಗಳು ಆರಂಭವಾದವು. ಖಾತೆಯಿಂದ ಹಣ ಕಳವಾದಾಗ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ತಡಮಾಡದೆ ಕರೆ ಮಾಡಿದರೆ, ಹಣ ವಂಚಕರ ಕೈಸೇರುವ ಮೊದಲು ವರ್ಗಾವಣೆಯನ್ನು ತಡೆಹಿಡಿಯುವ ಅವಕಾಶ ಹೆಚ್ಚಿರುತ್ತದೆ. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿಯೂ ದೂರು ದಾಖಲಿಸಬಹುದು.

ಇವನ್ನೂ ನೋಡಿ

* ಗಣಕಯಂತ್ರ ವೈರಸ್
* ರ‍್ಯಾನ್ಸಮ್‌ವೇರ್
* ಮುಕ್ತ ತಂತ್ರಾಂಶ
* ಮಾಹಿತಿ ತಂತ್ರಜ್ಞಾನ ಕಾಯ್ದೆ 2000