ಬೀಗವಿಲ್ಲದ ಪತ್ರಿಕೆ

ವಿಜ್ಞಾನಿಗಳ ಪತ್ರಿಕೆಯೆಂದರೆ ನಾವು ಓದುವ ವಾರಪತ್ರಿಕೆಯ ಹಾಗಲ್ಲ. ಬರೆದವರಿಗೆ ಸಂಭಾವನೆಯಿಲ್ಲ. ಬರೆದದ್ದು ಸರಿಯೋ ತಪ್ಪೋ ಎಂದು ನೋಡಿ ಹೇಳುವ ಬೇರೆ ವಿಜ್ಞಾನಿಗಳಿಗೂ ಸಾಮಾನ್ಯವಾಗಿ ಕಾಸಿಲ್ಲ. ಸಂಶೋಧನೆಯ ಖರ್ಚು ಎಷ್ಟೋ ಸಲ ಸರಕಾರದ್ದು, ಎಂದರೆ ತೆರಿಗೆ ಕಟ್ಟುವವರದ್ದು. ಇಷ್ಟಾದ ಮೇಲೆ ಪ್ರಕಾಶಕರು ಅದನ್ನು ಅಚ್ಚುಹಾಕಿ ಅದೇ ವಿಜ್ಞಾನಿಗಳ ಗ್ರಂಥಾಲಯಕ್ಕೆ ದುಬಾರಿ ಚಂದಾಕ್ಕೆ ಮಾರುತ್ತಾರೆ. ಬೇಸಿಗೆಯಲ್ಲಿ ಓಣಿಯ ಹೆಂಗಸರೆಲ್ಲ ಸೇರಿ ಹಪ್ಪಳ ಒತ್ತಿ ಒಣಗಿಸಿಟ್ಟರೆ, ಡಬ್ಬಿ ತಂದವನು ಎಲ್ಲವನ್ನೂ ತುಂಬಿಕೊಂಡು ನಮಗೇ ಮಾರಲು ಬಂದ ಹಾಗಾಯಿತಲ್ಲ! ಡಬ್ಬಿಗೂ ಬೆಲೆಯುಂಟು, ಒಪ್ಪೋಣ. ಹಪ್ಪಳದ ಬೆಲೆಯನ್ನೂ ಅವನೇ ಕೇಳಿದರೆ?

ಅಮೆರಿಕದಲ್ಲಿ ಈ ಮಾತನ್ನು ಗಟ್ಟಿಯಾಗಿ ಕೇಳಿದವರು ಮೂವರು ಜೀವವಿಜ್ಞಾನಿಗಳು. ಹೆರಾಲ್ಡ್ ವಾರ್ಮಸ್ 1989ರಲ್ಲಿ ಕ್ಯಾನ್ಸರ್ ಕುರಿತ ಸಂಶೋಧನೆಗೆ ನೊಬೆಲ್ ಹಂಚಿಕೊಂಡವರು. ಉಳಿದಿಬ್ಬರು ಸ್ಟ್ಯಾನ್‌ಫರ್ಡಿನ ಪ್ಯಾಟ್ರಿಕ್ ಬ್ರೌನ್, ಬರ್ಕ್ಲಿಯ ಮೈಕೆಲ್ ಐಸೆನ್. ಮೂವರೂ ಸೇರಿ ಒಂದು ಬಹಿರಂಗ ಪತ್ರ ಹೊರಡಿಸಿದರು. ಪ್ರಕಟವಾದ ಆರು ತಿಂಗಳಿಗಾದರೂ ಲೇಖನಗಳನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಡದ ಪತ್ರಿಕೆಗಳಿಗೆ 2001ರ ಸೆಪ್ಟೆಂಬರಿನಿಂದ ಬರೆಯುವುದಿಲ್ಲ, ಚಂದಾ ಕಟ್ಟುವುದಿಲ್ಲ ಎಂಬ ಶಪಥ ಅದು. 180 ದೇಶಗಳ ಸುಮಾರು 34,000 ಜನ ಸಹಿ ಹಾಕಿದರು.

ಸೆಪ್ಟೆಂಬರ್ ಬಂತು, ಹೋಯಿತು. ಹೆಚ್ಚಿನ ಪ್ರಕಾಶಕರು ಅಲುಗಲಿಲ್ಲ. ಸಹಿ ಹಾಕಿದ ಬಹಳಷ್ಟು ಮಂದಿ ಮತ್ತೆ ಅದೇ ಪತ್ರಿಕೆಗಳಿಗೆ ಬರೆದರು. ನನಗೆ ಅವರ ಮೇಲೆ ಸಿಟ್ಟು ಬರುವುದಿಲ್ಲ. ಎಳೆಯ ಸಂಶೋಧಕರ ನೌಕರಿ, ಬಡ್ತಿ ಎಲ್ಲ ಯಾವ ಪತ್ರಿಕೆಯಲ್ಲಿ ಹೆಸರು ಬಂತು ಎಂಬುದರ ಮೇಲೆಯೇ ನಿಂತಿರುವಾಗ ಅವರಾದರೂ ಏನು ಮಾಡಿಯಾರು? ಬೀಗ ಬೇಡವೆಂದರೆ ಅಷ್ಟೇ ಗೌರವದ ಬೇರೊಂದು ಮನೆ ಕಟ್ಟಬೇಕಿತ್ತು.

2002ರಲ್ಲಿ ಮೂರ್ ಪ್ರತಿಷ್ಠಾನ 90 ಲಕ್ಷ ಡಾಲರ್ ಕೊಟ್ಟಿತು. ‘ಸೆಲ್’ ಎಂಬ ಹೆಸರಾಂತ ಪತ್ರಿಕೆಯ ಸಂಪಾದಕಿಯಾಗಿದ್ದ ವಿವಿಯನ್ ಸೀಗಲ್ ಇನ್ನೂ ಹುಟ್ಟದ ಈ ಕೂಸಿನ ಹೊಣೆ ಹೊತ್ತರು. ಅಂಥ ಕುರ್ಚಿ ಬಿಟ್ಟು ಬರುವುದು ಸಣ್ಣ ಮಾತಲ್ಲ ನೋಡಿ. 2003ರ ಅಕ್ಟೋಬರ್ 13ರಂದು ‘ಪ್ಲಾಸ್ ಬಯಾಲಜಿ’ಯ ಮೊದಲ ಸಂಚಿಕೆ ಬಂತು. ಓದಲು, ಪ್ರತಿ ತೆಗೆಯಲು, ಹಂಚಲು ಯಾರ ಅಪ್ಪಣೆಯೂ ಬೇಡ.

ಆ ಸಂಚಿಕೆಯಲ್ಲಿ ನನಗೆ ಹಿಡಿಸಿದ್ದು ಬೋರ್ನಿಯೋ ದ್ವೀಪದ ಆನೆಗಳ ಲೇಖನ. ಈಸ್ಟ್ ಇಂಡಿಯಾ ಕಂಪನಿ 1750ರ ಸುಮಾರಿಗೆ ಸುಲು ಸುಲ್ತಾನನಿಗೆ ಕಾಣಿಕೆ ಕೊಟ್ಟ ಆನೆಗಳ ಸಂತತಿ ಅವು ಎಂದು ಪ್ರತೀತಿ. ಹೊರಗಿನಿಂದ ಬಂದವುಗಳನ್ನು ಯಾರು ಮುತುವರ್ಜಿಯಿಂದ ಕಾಪಾಡುತ್ತಾರೆ? ವಿಜ್ಞಾನಿಗಳು ಡಿಎನ್‌ಎ ಪರೀಕ್ಷಿಸಿ, ಇವು ಸುಮಾರು 3 ಲಕ್ಷ ವರ್ಷಗಳ ಹಿಂದೆಯೇ ಬೇರೆಯಾದ ಅಲ್ಲಿಯವೇ ಆನೆಗಳು ಎಂದರು. ವರ್ಷಗಳ ಬಗ್ಗೆ ಆಮೇಲೆ ಬೇರೆ ಲೆಕ್ಕಗಳೂ ಬಂದಿವೆ, ಇರಲಿ. ಆ ಕಾಡಿನ ಪಕ್ಕದ ಶಾಲೆಯ ಮಾಸ್ತರರಿಗೂ ಲೇಖನ ಪುಕ್ಕಟೆಯಾಗಿ ಸಿಗುವಂತಿತ್ತು ಎನ್ನುವುದು ನನಗೆ ದೊಡ್ಡದಾಗಿ ಕಾಣುತ್ತದೆ.

ಇದೆಲ್ಲ ನಮಗೇಕೆ ಎನ್ನಬೇಡಿ. ಕೆಲವು ವರ್ಷಗಳ ಹಿಂದೆ ನನ್ನ ಓರಗಿತ್ತಿಗೆ ಅಪರೂಪದ ಚರ್ಮರೋಗ ಬಂತು. ಕಾಲೇಜು ಓದುವ ಅವಳ ಮಗಳು ಅದರ ಕುರಿತ ಲೇಖನವೊಂದನ್ನು ಹುಡುಕಿ ತೆಗೆದಳು. ಹತ್ತು ಸಾಲಿನ ಸಾರಾಂಶ ಕಂಡಿತು, ಮುಂದೆ ಓದಲು 35 ಡಾಲರ್! “ದೊಡ್ಡಮ್ಮಾ, ಇಷ್ಟು ದುಡ್ಡಲ್ಲಿ ಅಮ್ಮನ ಒಂದು ತಿಂಗಳ ಮುಲಾಮು ಬರುತ್ತೆ” ಅಂದಳು. ಮುಲಾಮನ್ನೇ ತಂದೆವು.

ಹಾಗೆಂದು ಹೊಸ ಮನೆಯಲ್ಲಿ ಖರ್ಚೇ ಇರಲಿಲ್ಲವೆಂದಲ್ಲ. ಓದುವವರ ಬದಲು ಬರೆಯುವವರು ಒಂದು ಲೇಖನಕ್ಕೆ 1,500 ಡಾಲರ್ ಕೊಡಬೇಕಾಯಿತು. ಕೊಡಲಾಗದವರಿಗೆ ಮಾಫಿ ಇತ್ತು. ಆದರೂ ಮಾಫಿ ಕೇಳುವಾಗಿನ ಸಂಕೋಚ ನಮಗೆ ಗೊತ್ತಿಲ್ಲದ್ದೇ? ಬೇರೆ ಪ್ರಕಾಶಕರು ಇದೇ ದಾರಿ ಹಿಡಿದು ಇನ್ನೂ ಹೆಚ್ಚು ಕೀಳತೊಡಗಿದರು. ಪ್ಲಾಸಿನವರು 2021ರಿಂದ ಬರೆದವರ ಬದಲು ವಿಶ್ವವಿದ್ಯಾಲಯಗಳಿಂದಲೇ ಹಣ ಪಡೆಯುವ ಏರ್ಪಾಡನ್ನೂ ಮಾಡಿದರು.

ನಮ್ಮಲ್ಲಿ 2024ರ ನವೆಂಬರಿನಲ್ಲಿ ಕೇಂದ್ರ ಸರಕಾರ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಮೂರು ವರ್ಷಕ್ಕೆಂದು 6,000 ಕೋಟಿ ರೂಪಾಯಿ ಒಪ್ಪಿಗೆ ಕೊಟ್ಟಿತು. ಸರಕಾರಿ ವಿದ್ಯಾಸಂಸ್ಥೆಗಳಿಗೆ ಸುಮಾರು 13,000 ಪತ್ರಿಕೆಗಳು ಸಿಗುವ ಯೋಜನೆ. ಒಳ್ಳೆಯದೇ. ಆದರೆ ಇದು ಬೀಗದ ಕೈಯನ್ನು ಒಟ್ಟಾಗಿ ಬಾಡಿಗೆಗೆ ಹಿಡಿದ ಹಾಗೆ, ಅದೂ ಸಂಸ್ಥೆಗಳ ಒಳಗಿರುವವರಿಗೆ. ಮನೆಯಲ್ಲಿ ಕುಳಿತು ಓದುವವರು ಆ ಲೆಕ್ಕದಲ್ಲಿಲ್ಲ.